ಸಹಿ ಸರಿಯಿದೆ, ಆದರೆ ನಂಬಬೇಡಿ!

ಅಲ್ಲ ಕಣ್ರೀ, ಫೈಲಿಗೆ ಡಿಜಿಟಲ್ ಸಹಿ ಹಾಕೋ, ಆ ಸಹಿ ಪರೀಕ್ಷಿಸೋ ಈ ಜಿಪಿಜಿ ತಂತ್ರಾಂಶಕ್ಕೆ ನಾನೇನು ಅನ್ಯಾಯ ಮಾಡಿದ್ದೆ? ರಾತ್ರಿ ಹನ್ನೊಂದು ಗಂಟೆ, ಸರಸ್ವತಿಪುರಂನ ಮನೆ. ಮಂಡ್ಯದ ಗೆಳೆಯ ಸಹಿ ಹಾಕಿ ಕಳಿಸಿದ ಫೈಲನ್ನು ಪರೀಕ್ಷಿಸಿದೆ. ಮೊದಲು 'ಸಹಿ ಸರಿಯಿದೆ' ಅಂತು. ಸದ್ಯ ಅಂತ ಕಾಫಿ ಲೋಟ ಎತ್ತೋಷ್ಟರಲ್ಲಿ ಕೆಳಗೆ ಇನ್ನೊಂದು: 'ಎಚ್ಚರಿಕೆ! ಈ ಸಹಿ ಅದರ ಒಡೆಯನದ್ದೇ ಅನ್ನೋಕೆ ಯಾವ ಸೂಚನೆಯೂ ಇಲ್ಲ.' ಹುಡುಗ ಒಳ್ಳೆಯವನೇ, ಯಾರ ಮಗ ಅಂತ ಮಾತ್ರ ಗೊತ್ತಿಲ್ಲ ಅಂದಂಗೆ!

ಜಿಪಿಜಿ ನಂಬಬೇಕಾದರೆ, ಗೆಳೆಯ ಸಹಿ ಹಾಕೋಕೆ ಬಳಸೋ ಡಿಜಿಟಲ್ ಕೀಲಿಯ ಫಿಂಗರ್‌ಪ್ರಿಂಟ್, ಅಂದ್ರೆ ಅದರ ಗುರುತಿನ ಅಂಕಿ-ಅಕ್ಷರಗಳ ಸಾಲು, ತಾಳೆ ನೋಡಿ, ಆ ಕೀಲಿಗೆ ನಾನು ಸಹಿ ಹಾಕಬೇಕು. ಎಷ್ಟು ಅಕ್ಷರ? 40! ಫೋನಲ್ಲಿ ಓದಿಸಿಕೊಂಡೆ. ಅವನು 'ಬಿ' ಅಂದನೋ, 'ಡಿ' ಅಂದನೋ, 'ಇ' ಅಂದನೋ? ಮೂರು ಸಲ ಮೊದಲಿಂದ. ಒಳಗಿಂದ ಅಮ್ಮ, "ಲಾಟರಿ ಗೀಟರಿ ಹೊಡೀತೇನೋ?"

ಕೊನೆಗೆ ಸಹಿ ಹಾಕಹೋದರೆ ನನ್ನ ಕೀಲಿಯ ಅವಧಿಯೇ ಮುಗಿದಿದೆ. ಎರಡು ವರ್ಷದ ಹಿಂದೆ ಮಹಾ ಜಾಣನಂತೆ ನಾನೇ ಇಟ್ಟ ಗಡುವು. ಮುಂದೂಡೋಣ ಅಂದ್ರೆ ಪಾಸ್‌ಫ್ರೇಸ್, ಅಂದ್ರೆ ಕೀಲಿಯ ಉದ್ದನೆ ಪಾಸ್‌ವರ್ಡ್, ಕೇಳುತ್ತೆ. ಪಾಸ್‌ಫ್ರೇಸಾ? ಅದು ಯಾವತ್ತೋ ಕಾವೇರಿ ಪಾಲಾಯ್ತು. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಈ ಜಿಪಿಜಿಗೆ ಮಾದರಿಯಾದ ಪಿಜಿಪಿ ಬಿಟ್ಟಾಗ ನನ್ನಂಥ ಮರೆಗುಳಿಯೂ ಇರ್ತಾನೆ ಅನ್ನೋದು ಹೊಳೀಲಿಲ್ವಾ?

ಗೆಳೆಯ ಆಮೇಲೆ ಆ ಫೈಲನ್ನ ವಾಟ್ಸಾಪಲ್ಲಿ ಕಳಿಸಿದ. ತೆರೆದೆ. ಕಾಫಿ ಆರಿಹೋಗಿತ್ತು.