ರೀಟ್ ಯೂನಿಟ್ ಕೊಳ್ಳುವ ಮುನ್ನ, ಹಂಚುವ ಹಣ ಎಲ್ಲಿಂದ ಬಂತು ಅಂತ ನೋಡಿ

"ವರ್ಷಕ್ಕೆ ಶೇ. 6-7 ಆದಾಯ, ಅದೂ ಐಟಿ ಪಾರ್ಕುಗಳ ಬಾಡಿಗೆಯಿಂದ" ಅನ್ನುವ ಒಂದೇ ಮಾತು ನಂಬಿ ರೀಟ್ ಯೂನಿಟ್ ಕೊಳ್ಳುವವರು ಬಹಳ ಜನ. ರೀಟ್ ಎಂದರೆ ಅನೇಕರ ಹಣ ಸೇರಿಸಿ ಬಾಡಿಗೆ ಬರುವ ಕಟ್ಟಡಗಳನ್ನು ಹೊಂದುವ ಟ್ರಸ್ಟ್; ಅದರಲ್ಲಿನ ಒಂದು ಪಾಲೇ ಯೂನಿಟ್. ದೇಶದ ಮೊದಲ ರೀಟ್ ಆದ ಎಂಬಸಿ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. 2021ರಲ್ಲಿ ಸೆಬಿ ಒಂದೊಂದೇ ಯೂನಿಟ್ ವಹಿವಾಟಿಗೆ ಅವಕಾಶ ಕೊಟ್ಟ ಮೇಲೆ ಸಣ್ಣ ಉಳಿತಾಯದವರಿಗೂ ಕೈಗೆಟುಕಿತು. ಒಳ್ಳೆಯದೇ ಆಯಿತು. ಆದರೆ ಆ ಶೇಕಡಾವಾರನ್ನು ಎಫ್‌ಡಿ ಬಡ್ಡಿಯ ಪಕ್ಕ ಇಟ್ಟು ತೂಗಬೇಡಿ.

ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇ. 90ನ್ನು ಹಂಚಲೇಬೇಕು ಅನ್ನುವುದು ನಿಯಮ. ನಿಮ್ಮ ಖಾತೆಗೆ ಬೀಳುವ ಆ ಹಣದಲ್ಲಿ ಮುಖ್ಯವಾಗಿ ಮೂರು ಭಾಗ: ಕಟ್ಟಡ ಹೊಂದಿರುವ ತನ್ನ ಕಂಪನಿಗಳಿಗೆ ರೀಟ್ ಕೊಟ್ಟ ಸಾಲದ ಬಡ್ಡಿ, ಅವು ಕೊಡುವ ಲಾಭಾಂಶ, ಆ ಸಾಲದ ಮರುಪಾವತಿ. ಉದಾಹರಣೆಗೆ 300 ರೂಪಾಯಿಯ ಯೂನಿಟ್ಟಿಗೆ ವರ್ಷಕ್ಕೆ 20 ರೂಪಾಯಿ ಬಂತು ಅನ್ನಿ. ಬಡ್ಡಿ 7, ಲಾಭಾಂಶ 6, ಸಾಲ ಮರುಪಾವತಿ 7. ಬಡ್ಡಿಗೆ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ; ಶೇ. 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ ಸುಮಾರು 2.18 ರೂಪಾಯಿ ಹೋಗುತ್ತದೆ. ಕಟ್ಟಡದ ಒಡೆತನವಿರುವ ಎಸ್‌ಪಿವಿ ಕಂಪನಿಯು ಕಡಿಮೆ ದರದ ತೆರಿಗೆ ಪದ್ಧತಿ ಆಯ್ದುಕೊಂಡಿರದಿದ್ದರೆ ಲಾಭಾಂಶಕ್ಕೆ ನಿಮ್ಮ ಕೈಯಲ್ಲಿ ತೆರಿಗೆ ಇಲ್ಲ. ಮರುಪಾವತಿಯ 7 ರೂಪಾಯಿ ನಿಮ್ಮ ಕೊಂಡ ಬೆಲೆಯಿಂದ ಕಳೆಯುತ್ತದೆ: 300 ಇದ್ದದ್ದು 293. ಐದು ವರ್ಷ ಹೀಗೇ ಆದರೆ 265. ಮಾರುವ ದಿನ ಲಾಭದ ಲೆಕ್ಕ ಶುರುವಾಗುವುದು ಅಲ್ಲಿಂದ. ಮರುಪಾವತಿಯ ಈ ನಿಯಮ ಬಂದದ್ದು 2023ರ ಹಣಕಾಸು ಕಾಯ್ದೆಯಲ್ಲಿ. ಹಳೆಯ ಬರಹಗಳನ್ನು ಓದಿ ಎಡವಬೇಡಿ.

ಹಾಗಂತ "ನಮ್ಮ ದುಡ್ಡನ್ನೇ ನಮಗೆ ವಾಪಸ್ ಕೊಡ್ತಾರೆ" ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಎಸ್‌ಪಿವಿ ಬಾಡಿಗೆ ವಸೂಲಿ ಮಾಡಿ, ಅದರಿಂದಲೇ ರೀಟ್ ಕೊಟ್ಟ ಸಾಲ ತೀರಿಸಿದ್ದರೆ ಅದು ಹೆಸರು ಬದಲಿಸಿಕೊಂಡ ಬಾಡಿಗೆಯಷ್ಟೇ. ಹೊರಗಿಂದ ಹೊಸ ಸಾಲ ತಂದು ತೀರಿಸಿದ್ದರೆ ಮಾತ್ರ ಚಿಂತೆ. ಪತ್ತೆ ಹಚ್ಚಲು ನಗದು ಹರಿವಿನ ಪಟ್ಟಿ ತೆಗೆಯಿರಿ: ಕಾರ್ಯಾಚರಣೆಯಿಂದ ಬಂದ ನಗದಿನಲ್ಲಿ ಹೊರಗಿನ ಸಾಲದ ಬಡ್ಡಿ ಕಳೆದು ಉಳಿದದ್ದು, ಹಂಚಿದ ಮೊತ್ತಕ್ಕಿಂತ ವರ್ಷದಿಂದ ವರ್ಷಕ್ಕೆ ಕಡಿಮೆ ಇದ್ದು ಜೊತೆಗೆ ಒಟ್ಟು ಸಾಲವೂ ಏರುತ್ತಿದ್ದರೆ, ಆ ಶೇ. 7ಕ್ಕೆ ಮರುಳಾಗಬೇಡಿ.

ಗುತ್ತಿಗೆಗಳ ವಿಷಯದಲ್ಲಿ "ಸರಾಸರಿ ಎಂಟು ವರ್ಷ ಬಾಕಿ" ಎಂದು ಬರೆದಿದ್ದರೆ ನೆಮ್ಮದಿಪಡಬೇಡಿ. ನಮ್ಮಲ್ಲಿ ಕಚೇರಿ ಗುತ್ತಿಗೆಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಲಾಕ್-ಇನ್; ಅದು ಮುಗಿದ ಮೇಲೆ ಬಾಡಿಗೆದಾರ ನೋಟಿಸ್ ಕೊಟ್ಟು ಹೊರಡಬಹುದು, ಮಾಲೀಕ ಹೊರಡಿಸುವಂತಿಲ್ಲ. ಬಾಡಿಗೆ ಮೂರು ವರ್ಷಕ್ಕೊಮ್ಮೆ ಶೇ. 15 ಏರಿಕೆ ಎಂದರೆ ವರ್ಷಕ್ಕೆ ಸುಮಾರು ಶೇ. 4.8, ಅದಕ್ಕಿಂತ ಹೆಚ್ಚಲ್ಲ. ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಕಟ್ಟಡ ಎಷ್ಟಿವೆ ಅಂತಲೂ ನೋಡಿ. ಹೊಸ ಘಟಕಗಳಿಗೆ ತೆರಿಗೆ ರಜೆ ನಿಂತ ಮೇಲೆ ಅಲ್ಲಿ ಜಾಗ ತುಂಬಿಸುವುದು ಕಷ್ಟವಾಯಿತು. 2023ರ ಡಿಸೆಂಬರ್‌ನಲ್ಲಿ ಮಹಡಿ ಲೆಕ್ಕದಲ್ಲಿ ಎಸ್‌ಇಝಡ್‌ನಿಂದ ಹೊರತರಲು ಅವಕಾಶ ಸಿಕ್ಕಿದ್ದು ದೊಡ್ಡ ಬಿಡುಗಡೆ.

ಇನ್ನು ಎನ್‌ಎವಿ, ಅಂದರೆ ಸಾಲ ಕಳೆದ ಮೇಲೆ ಒಂದು ಯೂನಿಟ್ಟಿನ ಪಾಲಿಗೆ ಬರುವ ಆಸ್ತಿ ಮೌಲ್ಯ. ಪೇಟೆ ಬೆಲೆ ಅದಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ಅಗ್ಗ ಅನ್ನಬೇಡಿ. ಉದಾಹರಣೆಗೆ ಖರ್ಚು ಕಳೆದ ವರ್ಷದ ಬಾಡಿಗೆ 800 ಕೋಟಿ, ಕ್ಯಾಪ್ ರೇಟ್ (ಆಸ್ತಿ ಮೌಲ್ಯದಲ್ಲಿ ಆ ಬಾಡಿಗೆಯ ಶೇಕಡಾ ಪಾಲು) ಶೇ. 8 ಆದರೆ ಆಸ್ತಿ ಮೌಲ್ಯ 10,000 ಕೋಟಿ. ಸಾಲ 3,000 ಕೋಟಿ, ಯೂನಿಟ್ 20 ಕೋಟಿ. ಎನ್‌ಎವಿ 350 ರೂಪಾಯಿ. ಮೌಲ್ಯಮಾಪಕರು ಕ್ಯಾಪ್ ರೇಟನ್ನು ಶೇ. 9 ಮಾಡಿದರೆ ಆಸ್ತಿ 8,889 ಕೋಟಿ, ಎನ್‌ಎವಿ 294. ಒಬ್ಬ ಬಾಡಿಗೆದಾರನೂ ಬಿಟ್ಟು ಹೋಗಿಲ್ಲ, ಆದರೂ ಶೇ. 16 ಕರಗಿತು. ಸಾಲ 4,500 ಕೋಟಿ ಇದ್ದಿದ್ದರೆ 275 ಇದ್ದದ್ದು 219ಕ್ಕೆ ಇಳಿಯುತ್ತಿತ್ತು, ಸಾಲದ ಪ್ರಮಾಣ ಸೆಬಿಯ ಶೇ. 49ರ ಮಿತಿಯನ್ನೇ ದಾಟುತ್ತಿತ್ತು. ಮೌಲ್ಯಮಾಪನ ವರದಿಯಲ್ಲಿ ಪ್ರತಿ ಪಾರ್ಕಿನ ಕ್ಯಾಪ್ ರೇಟ್ ಹುಡುಕಿ, ಅರ್ಧ ಶೇಕಡಾ ಅಂಶ ಏರಿಸಿ ನೀವೇ ಲೆಕ್ಕ ಹಾಕಿ. ಆ ಎನ್‌ಎವಿಗಿಂತಲೂ ಕಡಿಮೆ ಬೆಲೆಗೆ ಸಿಕ್ಕರೆ ಕೊಳ್ಳುವ ಯೋಚನೆ ಮಾಡಬಹುದು.