ವರ್ಷದ 412ನೇ ದಿನ ಹುಟ್ಟಿದ ಗಿಟಾರ್

ದಾಖಲೆಗಳ ಪ್ರಕಾರ ನಾನು ಹುಟ್ಟಿದ್ದು ಜೂನ್ 1ರಂದು. ನಮ್ಮ ತರಗತಿಯ ಅರ್ಧಕ್ಕರ್ಧ ಹುಡುಗರು ಹುಟ್ಟಿದ್ದೂ ಅಂದೇ. ಶಾಲೆಗೆ ಸೇರಿಸಲು ಬಂದ ಅಪ್ಪಂದಿರು "ರಾಗಿ ಕೊಯ್ಲಿನ ಹೊತ್ತಿಗೆ, ಅಮಾವಾಸ್ಯೆಯ ಹಿಂದೆಯೋ ಮುಂದೆಯೋ" ಎಂದು ತಲೆ ಕೆರೆದುಕೊಂಡಾಗ ಮೇಷ್ಟರು ಎಲ್ಲರಿಗೂ ಒಂದೇ ದಿನವನ್ನು ಪ್ರಸಾದದಂತೆ ಹಂಚಿಬಿಟ್ಟಿದ್ದರು. ಇಂಥ ನಾನು ಕಳೆದ ತಿಂಗಳು ಹಳೆಯ ಎಲೆಕ್ಟ್ರಿಕ್ ಗಿಟಾರೊಂದರ ಜಾತಕ ಬರೆಯಲು ಕುಳಿತೆ.

ಗಿಟಾರನ್ನು ಮಾರಿದವರು ಊರು ಬಿಟ್ಟು ಹೊರಟಿದ್ದರು. "ಅಮೆರಿಕದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿ. ಲಕ್ಷಗಟ್ಟಲೆ ಬಾಳುತ್ತದೆ. ನಿಮ್ಮ ಮುಖ ನೋಡಿ ನಲವತ್ತು ಸಾವಿರಕ್ಕೆ ಕೊಡುತ್ತಿದ್ದೇನೆ" ಎಂದರು. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತ್ತು ಎಂಬುದು ಆಮೇಲೆ ತಿಳಿಯಿತು.

ಗಿಟಾರಿನ ತಲೆಯ ಹಿಂಭಾಗದಲ್ಲಿ 84123567 ಎಂಬ ಸಂಖ್ಯೆಯಿತ್ತು. ಗಿಟಾರ್ ಕಂಪನಿಗಳು ವಯಸ್ಸನ್ನು ಒಗಟಿನಲ್ಲಿ ಹೇಳುತ್ತವೆ. ಫೆಂಡರ್‌ನವರು 1976ರ ಸುಮಾರಿಗೆ ಸಂಖ್ಯೆಯನ್ನು ಗಿಟಾರಿನ ತಲೆಗೆ ಏರಿಸಿದಾಗ ದಶಕಕ್ಕೊಂದು ಅಕ್ಷರ ಇಟ್ಟರು: ಎಪ್ಪತ್ತರ ದಶಕಕ್ಕೆ 'ಎಸ್', ಎಂಬತ್ತಕ್ಕೆ 'ಇ', ತೊಂಬತ್ತಕ್ಕೆ 'ಎನ್'. ಆ ಕಾಲದ ಜಪಾನಿನ ಐಬನೇಜ್‌ಗಳಲ್ಲಿ ಅಕ್ಷರ ತಿಂಗಳನ್ನು ಹೇಳುತ್ತದೆ. 'ಎ' ಎಂದರೆ ಜನವರಿ. ಗಿಬ್ಸನ್‌ನವರು ಅರವತ್ತರ ದಶಕದಲ್ಲಿ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳ ಗಿಟಾರುಗಳಿಗೆ ಒತ್ತಿದ್ದೂ ಉಂಟು. ಇದನ್ನು ಓದಿದಾಗ ನನಗೆ ನಮ್ಮ ಮೇಷ್ಟರ ನೆನಪಾಗಿ ಆ ಕಂಪನಿಯ ಮೇಲೆ ಅಕ್ಕರೆಯೇ ಹುಟ್ಟಿತು.

1977ರಿಂದ ಮಾತ್ರ ಗಿಬ್ಸನ್ ಲೆಕ್ಕ ಕಟ್ಟುನಿಟ್ಟಾಯಿತು. ಆಗಿನ ಎಂಟು ಅಂಕಿಗಳಲ್ಲಿ ಮೊದಲನೆಯದೂ ಐದನೆಯದೂ ಸೇರಿ ವರ್ಷ. ನಡುವಿನ ಮೂರು, ಅದು ವರ್ಷದ ಎಷ್ಟನೆಯ ದಿನ ಎಂಬುದು. ಕೊನೆಯ ಮೂರು, ಆ ದಿನದ ಸರದಿ: 1984ರವರೆಗೆ ಅದು ಐನೂರಕ್ಕಿಂತ ಕಡಿಮೆಯಿದ್ದರೆ ಮಿಷಿಗನ್‌ನ ಕಲಮಜೂ ಕಾರ್ಖಾನೆ, ಐನೂರು ದಾಟಿದರೆ ನ್ಯಾಶ್‌ವಿಲ್.

ನಾನು ಕನ್ನಡಕ ಒರೆಸಿಕೊಂಡು ಬಿಡಿಸತೊಡಗಿದೆ. 8 ಮತ್ತು 3: ವರ್ಷ 1983! ಕೊನೆಯಲ್ಲಿ 567: ನ್ಯಾಶ್‌ವಿಲ್! ಹೆಂಡತಿಯನ್ನು ಕೂಗಿ, ನಲವತ್ತು ಸಾವಿರದ ಬಗ್ಗೆ ಎರಡು ವಾರದಿಂದ ಅವಳು ಕಾಪಾಡಿಕೊಂಡು ಬಂದಿದ್ದ ಮೌನವನ್ನು ಕೊನೆಗೂ ಮುರಿಯಬಹುದೆಂದು ಸೂಚಿಸಿದೆ. ಆಮೇಲೆ ನಡುವಿನ ಮೂರು ಅಂಕಿ ಓದಿದೆ. 412.

ಮತ್ತೊಮ್ಮೆ ಓದಿದೆ. ಗಿಟಾರನ್ನು ತಲೆಕೆಳಗು ಮಾಡಿಯೂ ಓದಿದೆ. 412ನೇ ದಿನ.

"ಅಧಿಕ ಮಾಸ ಬಂದಿತ್ತೇನೋ" ಎಂದಳು ಹೆಂಡತಿ. ಎರಡು ವಾರದ ನಂತರದ ಮೊದಲ ಮಾತು ಅದು. ಅಧಿಕ ಮಾಸ ಸೇರಿದರೂ ವರ್ಷ 384 ದಿನದ ಆಸುಪಾಸಿಗೇ ನಿಲ್ಲುತ್ತದೆ ಎಂದು ನಾನು ವಾದಿಸಿದೆ, ನ್ಯಾಶ್‌ವಿಲ್‌ನವರು ನಮ್ಮ ಪಂಚಾಂಗ ನೋಡಿ ಮರ ಕೊಯ್ಯುತ್ತಾರೆಂಬಂತೆ.

ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ಮಾವ ಪೇಪರ್ ಮಡಿಸಿಟ್ಟರು. "ಇದರಲ್ಲಿ ಗಾಬರಿಯೇನಿದೆ ಅಳಿಯಂದಿರೇ? 412ರಲ್ಲಿ 365 ಕಳೆಯಿರಿ, ಉಳಿಕೆ 47. ಅದನ್ನು ಮುಂದಿನ ವರ್ಷದ ಆರಂಭ ಶಿಲ್ಕಿಗೆ ಒಯ್ಯಿರಿ. ಫೆಬ್ರವರಿ 16, 1984." ಲೆಕ್ಕ ಸರಿಯಾಗಿತ್ತು. ಮಾವನ ಲೆಕ್ಕ ಯಾವಾಗಲೂ ಸರಿ. ಅವರ ಎದುರು ತಪ್ಪಾಗುವುದು ಲೋಕ ಮಾತ್ರ.

ಮರುದಿನ ಗಿಟಾರ್ ರಿಪೇರಿ ಮಾಡುವವರ ಬಳಿ ಒಯ್ದೆ. ಸಂಖ್ಯೆ ಬಿಡಿಸಿದ ಹಾಳೆಯನ್ನು ನಾನು ಚಾಚಿದರೂ ಆ ಹುಡುಗ ಅದನ್ನು ಕೈಯಲ್ಲೂ ಹಿಡಿಯಲಿಲ್ಲ. ಗಿಟಾರಿನ ತಲೆಯ ಮೇಲಿನ ಪುಟ್ಟ ಕಪ್ಪು ಮುಚ್ಚಳ ನೋಡಿ "ಮೂರು ಸ್ಕ್ರೂ ಇದೆ ಸಾರ್. ಗಿಬ್ಸನ್‌ನದ್ದಾದರೆ ಎರಡು" ಎಂದ. ತಿರುಗಿಸಿ ಕತ್ತಿನ ಬುಡ ತೋರಿಸಿದ. ಅಸಲಿ ಲೆಸ್ ಪಾಲ್‌ನಲ್ಲಿ ಕತ್ತನ್ನು ಒಡಲಿಗೆ ಅಂಟಿನಿಂದ ಕೂಡಿಸಿರುತ್ತಾರೆ. ನನ್ನದರಲ್ಲಿ ನಾಲ್ಕು ದಪ್ಪ ಸ್ಕ್ರೂಗಳು, ಕಟ್ಟಿಗೆ ಮಂಚಕ್ಕೆ ಹೊಡೆದಂತೆ. ಹಿಂದಿನ ಮುಚ್ಚಳ ಬಿಚ್ಚಿದ. ಹಳೆಯ ಅಮೆರಿಕನ್ ಗಿಟಾರುಗಳ ಶಬ್ದದ ತಿರುಗುಣಿಗಳ ಬೆನ್ನಿನ ಮೇಲೆ ತಯಾರಕರ ಸಂಖ್ಯೆ, ವರ್ಷ, ವಾರ ಒತ್ತಿರುತ್ತವಂತೆ. 137 ಎಂದು ಶುರುವಾದರೆ ಸಿಟಿಎಸ್ ಕಂಪನಿ. ಇದರೊಳಗೆ ಬೆರಳುಗುರಿನಷ್ಟು ತಿರುಗುಣಿಗಳು ಬೋಳಾಗಿ ಕುಳಿತಿದ್ದವು.

"ಸಂಖ್ಯೆಯನ್ನು ಯಾರು ಬೇಕಾದರೂ ಬರೆಯಬಹುದು ಸಾರ್" ಎಂದು ಮುಚ್ಚಳ ಹಾಕಿದ. ಆಮೇಲೆ ತಂತಿ ಬಿಗಿದು ಎರಡು ನಿಮಿಷ ನುಡಿಸಿದ. ಹಾಳಾದದ್ದು, ಚೆನ್ನಾಗಿಯೇ ನುಡಿಯಿತು. ಇಷ್ಟು ದಿನ ನನ್ನ ಕೈಯಲ್ಲಿ ನರಳಿದ್ದಕ್ಕೆ ನಕಲಿತನ ಕಾರಣವಲ್ಲ ಎಂಬುದು ಆ ದಿನದ ಎರಡನೆಯ ಪೆಟ್ಟು.

ಮನೆಗೆ ಬಂದು ವರದಿ ಒಪ್ಪಿಸಿದೆ. ಹೆಂಡತಿ ಗಿಟಾರನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಇದಕ್ಕೂ ಜೂನ್ 1 ಎಂದೇ ಬರೆದುಬಿಡಿ."

ಮಾವ ಒಪ್ಪಲಿಲ್ಲ. ಅವರು ಅಷ್ಟರಲ್ಲಿ ತಮ್ಮ ಡೈರಿಯಲ್ಲಿ ಫೆಬ್ರವರಿ 16 ಎಂದು ಶಾಯಿಯಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದಾಗಿತ್ತು.