ತ್ರಿಕೋನದೊಳಗಿನ ಮನುಷ್ಯ

ಮತ್ತೆ ಅದೇ ಸುದ್ದಿ. ರಸ್ತೆ ಬದಿ ಕೇಬಲ್ ಸರಿಮಾಡುತ್ತಿದ್ದವರ ಮೇಲೆ ಕಾರು ಹರಿದಿದೆ. "ಕಾಣಿಸಲೇ ಇಲ್ಲ" ಅನ್ನುತ್ತಾನೆ ಚಾಲಕ. ಪಾಪ, ಹೇಗೆ ಕಾಣಿಸಬೇಕು? ಅಲ್ಲಿದ್ದದ್ದು ಒಂದು ವ್ಯಾನು, ಒಂದು ಏಣಿ, ಕಿತ್ತಳೆ ಜಾಕೆಟ್ ತೊಟ್ಟ ಜನ. ಇವೇನು ಫೋನಿನೊಳಗೆ ಬರುವ ವಸ್ತುಗಳೇ?

ಕೆಲಸ ಮಾಡಿಸುವವರ ಜಾಣತನವನ್ನೂ ಮೆಚ್ಚಬೇಕು. ಗುಂಡಿಯಿಂದ ಎರಡು ಹೆಜ್ಜೆ ಆಚೆ ಒಂದು ಕೋನ್ ಇಡುತ್ತಾರೆ. ಗಂಟೆಗೆ 72 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕೋನೂ ಇಲ್ಲ, ಗುಂಡಿಯೂ ಹಿಂದಾಯಿತು. ಫಲಕ ಬಹಳ ಮುಂಚೆಯೇ ಸಿಗಬೇಕು, ಕೋನ್‌ಗಳ ಓರೆ ಸಾಲು ಗಾಡಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಬೇಕು, ಆಮೇಲೆ ಒಂದಷ್ಟು ಖಾಲಿ ಜಾಗ, ಅದರಾಚೆ ಕೆಲಸದವರು. ನಿಯಮ ಗೊತ್ತಿಲ್ಲದ್ದೇನಲ್ಲ. ಆದರೆ ಆ ಖಾಲಿ ಜಾಗ ಸುಮ್ನೆ ಯಾಕೆ ಹಾಳಾಗಬೇಕು ಅಂತ ಅಲ್ಲಿ ಜನರೇಟರ್ ಇಡುತ್ತಾರೆ, ಅದರ ನೆರಳಲ್ಲಿ ಊಟದ ಡಬ್ಬಿ ಬಿಚ್ಚುತ್ತಾರೆ.

ನನಗೆ ಜಾಸ್ತಿ ಇಷ್ಟ, ಮುಂದೆ ರಸ್ತೆ ಕೆಲಸವಿದೆ ಅನ್ನುವ ಫಲಕದ ತ್ರಿಕೋನದೊಳಗೆ ಗುದ್ದಲಿ ಹಿಡಿದಿರುವ ಮನುಷ್ಯ. ರಸ್ತೆ ಫಲಕಗಳ ಬಗ್ಗೆ ದೇಶಗಳು ಮಾಡಿಕೊಂಡ 1968ರ ವಿಯೆನ್ನಾ ಒಪ್ಪಂದದಲ್ಲೂ ಅವನಿದ್ದಾನೆ. ಅಂದಿನಿಂದ ಅದೇ ಗುಡ್ಡೆ ಅಗೆಯುತ್ತಿದ್ದಾನೆ. ರಜೆ ಇಲ್ಲ, ವರ್ಗಾವಣೆ ಇಲ್ಲ, ನಿವೃತ್ತಿಯಂತೂ ಕೇಳಲೇಬೇಡಿ. ಗುಂಡಿ ಮುಚ್ಚಿ ಎಲ್ಲರೂ ಹೊರಟರೂ ಅವನನ್ನು ಕರೆದೊಯ್ಯುವ ನೆನಪು ಯಾರಿಗೂ ಬರುವುದಿಲ್ಲ. ತಿಂಗಳುಗಟ್ಟಲೆ ಖಾಲಿ ರಸ್ತೆಯಲ್ಲಿ ಒಬ್ಬನೇ ಅಗೆಯುತ್ತಾನೆ. ನೋಡಿ ನೋಡಿ ಚಾಲಕರು ಅವನನ್ನು ನಂಬುವುದನ್ನೇ ಬಿಡುತ್ತಾರೆ. ಒಂದು ದಿನ ನಿಜವಾಗಿ ಅಗೆಯುವವರು ಬರುತ್ತಾರೆ. ಆಗ ಅವನ ಮಾತು ಯಾರು ಕೇಳಬೇಕು?

ಪಾದಚಾರಿಗಳಿಗೆ ಒಂದು ಪ್ಲಾಸ್ಟಿಕ್ ಟೇಪ್ ಧಾರಾಳವಾಗಿ ಸಾಕು. ಕಣ್ಣು ಕಾಣದವರ ಕೋಲು ಅದರ ಕೆಳಗೇ ತೂರಿಹೋಗುತ್ತದೆ, ಕೋಲಿನ ಹಿಂದೆಯೇ ಅವರು ಗುಂಡಿಗೆ. ಕಣ್ಣಿರುವವರು ಫುಟ್‌ಪಾತ್ ಬಿಟ್ಟು ಬಸ್ಸಿನ ಮುಂದೆ ನಡೆಯಬಹುದು. ಇನ್ನು ಜಾಕೆಟ್ಟಿನ ಮಿನುಗುವ ಪಟ್ಟಿ. ಹೆಡ್‌ಲೈಟಿನ ಬೆಳಕನ್ನು ಚಾಲಕನ ಕಡೆಗೇ ಹಿಂತಿರುಗಿಸುವುದು ಅದರ ಕೆಲಸ. ಮೇಲೆ ಕೆಸರು ಕೂತರೆ ಅದು ಬರೀ ಬಟ್ಟೆ. ಒಗೆಯುವುದು ಯಾವ ಇಲಾಖೆಗೆ ಸೇರಿದ್ದೋ!

ಸಾಕು, ತಮಾಷೆ ಮಾಡಿ ಮಾಡಿ ಬೇಜಾರಾಗಿದೆ. ಕರೆಂಟು ಹೋದರೆ ಐದು ನಿಮಿಷ ತಾಳದೆ ಫೋನಿನಲ್ಲಿ ಕೂಗಾಡುವವರೇ, ಅದೇ ಲೈನ್ ಸರಿಮಾಡುವವನ ಪಕ್ಕದಲ್ಲಿ ಹಾರ್ನ್ ಒತ್ತುತ್ತಾ ನುಗ್ಗುತ್ತಾರೆ. ಅವನ ಬೆನ್ನು ರಸ್ತೆಯ ಕಡೆಗಿರುತ್ತದೆ, ಕಣ್ಣು ಕೆಲಸದ ಮೇಲೆ. ನೋಡಬೇಕಾದವರು ನೀವು. ಇನ್ನೂರು ಮೀಟರನ್ನು 60ರ ಬದಲು 30ರ ವೇಗದಲ್ಲಿ ದಾಟಿದರೆ ಹೆಚ್ಚಿಗೆ ಹಿಡಿಯುವುದು 12 ಸೆಕೆಂಡ್. ಅದನ್ನು ಉಳಿಸಿಕೊಂಡು ಏನು ಮಾಡುತ್ತೀರಿ ಸ್ವಾಮಿ?